ಹದ ನೋಡಿ ನೀರು

(ಮೈಸೂರಿನ ಕುವೆಂಪುನಗರದಲ್ಲಿ ಜನವರಿಯ ಒಂದು ಭಾನುವಾರ ಬೆಳಿಗ್ಗೆ, ಮನೆಯಂಗಳದಲ್ಲೂ ತಾರಸಿಯಲ್ಲೂ ಹೂಗಿಡ ಬೆಳೆಸುವವರು ಸೇರಿದ್ದಾಗ ಆಡಿದ ಮಾತಿನ ಬರಹ ರೂಪ. ನಡುನಡುವೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಎರಡು ಕುಂಡ ಇಟ್ಟಿದ್ದೇನೆ. ಎರಡರಲ್ಲೂ ಇರುವುದು ಸ್ನ್ಯಾಪ್‌ಡ್ರ್ಯಾಗನ್. ಸಸ್ಯಶಾಸ್ತ್ರದವರು ಆಂಟಿರೈನಮ್ ಅನ್ನುತ್ತಾರೆ. ನರ್ಸರಿಯಲ್ಲಿ ಡಾಗ್ ಫ್ಲವರ್ ಅಂತ ಕೇಳಿದರೂ ಕೊಡುತ್ತಾರೆ. ಹೂವಿನ ಎರಡು ಕೆನ್ನೆ ಹಿಡಿದು ಮೆಲ್ಲಗೆ ಒತ್ತಿದರೆ ಬಾಯಿ ಬಿಡುತ್ತದೆ, ಕೈ ತೆಗೆದರೆ ಮುಚ್ಚಿಕೊಳ್ಳುತ್ತದೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆಟದ ಹೂವು ಇನ್ನೊಂದಿಲ್ಲ.

ಈಗ ಎರಡೂ ಗಿಡ ಎಲೆ ಜೋತು ಬಿಟ್ಟು ನಿಂತಿವೆ. ಯಾವುದಕ್ಕೆ ನೀರು ಬೇಕು ಅಂತ ಕೇಳಿದ್ದಕ್ಕೆ ಮುಂದಿನ ಸಾಲಿನವರೆಲ್ಲ “ಎರಡಕ್ಕೂ” ಅಂದಿರಿ. ಯಾರಾದರೂ ಒಬ್ಬರು ಬಂದು ಎರಡನ್ನೂ ಎತ್ತಿ ನೋಡಿ. ಎಡಗಡೆಯದು ಒಂದೇ ಕೈಯಲ್ಲಿ ಮೇಲೆ ಬಂತು, ಅಲ್ಲವೇ? ಬಲಗಡೆಯದಕ್ಕೆ ಎರಡೂ ಕೈ ಹಾಕಬೇಕಾಯಿತು. ಅಳತೆ ಒಂದೇ, ತುಂಬಿದ ಮಣ್ಣೂ ಒಂದೇ ಬಗೆಯದು. ಆ ಹೆಚ್ಚಿನ ಭಾರವೆಲ್ಲ ನೀರು. ಬಲಗಡೆಯ ಕುಂಡವನ್ನು ನಮ್ಮ ಬೀದಿಯ ಹೆಣ್ಣುಮಗಳೊಬ್ಬರು ಮೊನ್ನೆ ತಂದುಕೊಟ್ಟರು. “ದಿನಾ ಎರಡು ಹೊತ್ತು ನೀರು ಹಾಕ್ತೀನಿ ಟೀಚರ್, ಆದ್ರೂ ಬಾಡ್ತಾನೇ ಇದೆ” ಅಂತ ಅವರ ಕಣ್ಣಲ್ಲಿ ನೀರೇ ಬಂತು. ಎರಡು ಹೊತ್ತು ಹಾಕಿದ್ದರಿಂದಲೇ ಬಾಡುತ್ತಿದೆ. ಎಡಗಡೆಯದಕ್ಕೆ ಈಗ ಒಂದು ಚೊಂಬು ನೀರು ಹಾಕುತ್ತೇನೆ. ನಾವು ಮಾತು ಮುಗಿಸುವ ಹೊತ್ತಿಗೆ ಅದು ತಲೆ ಎತ್ತಿರುತ್ತದೆ. ಬಲಗಡೆಯದು ಉಳಿದೀತೋ ಇಲ್ಲವೋ, ಬೇರು ನೋಡಿಯೇ ಹೇಳಬೇಕು.

ಬೇರೂ ಉಸಿರಾಡುತ್ತದೆ. ಶಾಲೆಯಲ್ಲಿ ಎಲೆಯ ಬಗ್ಗೆ ಇದನ್ನು ಹೇಳಿಕೊಡುತ್ತೇವೆ, ಬೇರಿನ ಬಗ್ಗೆ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ಮಣ್ಣಿನ ಕಣಗಳ ನಡುವೆ ಸಂದುಗಳಿರುತ್ತವೆ. ಹದವಾದ ಮಣ್ಣಿನಲ್ಲಿ ಸಣ್ಣ ಸಂದುಗಳಲ್ಲಿ ನೀರು, ದೊಡ್ಡ ಸಂದುಗಳಲ್ಲಿ ಗಾಳಿ. ನೀರು ಹಾಕಿದಾಗ ಎಲ್ಲ ಸಂದೂ ತುಂಬುತ್ತದೆ. ದೊಡ್ಡ ಸಂದಿನ ನೀರು ಕೆಳಗಿಳಿದು ಹೋದಂತೆ ಅದರ ಹಿಂದೆಯೇ ಹೊಸ ಗಾಳಿ ಒಳಗೆ ಬರುತ್ತದೆ. ಆ ಗಾಳಿ ಬರುವ ಮೊದಲೇ ಮತ್ತೆ ನೀರು ಹುಯ್ದರೆ ಸಂದು ಖಾಲಿಯಾಗುವುದೇ ಇಲ್ಲ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಹರಡುವುದು ಸುಮಾರು 10,000 ಪಟ್ಟು ನಿಧಾನ. ಉಸಿರು ಕಟ್ಟಿದ ಬೇರಿಗೆ ನೀರು ಹೀರುವ ಶಕ್ತಿ ಇರುವುದಿಲ್ಲ. ಸುತ್ತ ನೀರಿದ್ದರೂ ಎಲೆಗೆ ನೀರು ಹತ್ತುವುದಿಲ್ಲ, ಗಿಡ ಬಾಡುತ್ತದೆ. ಬಾಡಿದ್ದನ್ನು ಕಂಡು ನಾವು ಇನ್ನೊಂದು ಚೊಂಬು ಹಾಕುತ್ತೇವೆ.

ನಾನೂ ಹೀಗೇ ಒಂದು ಸಾಲು ಗಿಡ ಕಳೆದುಕೊಂಡಿದ್ದೇನೆ. ಇಪ್ಪತ್ತು ವರ್ಷದ ಹಿಂದೆ, ಮನೆಯ ಮುಂದಿನ ಮಡಿಯಲ್ಲಿ ಹದಿನೆಂಟು ಸಸಿ ನೆಟ್ಟಿದ್ದೆ. ಅಕ್ಟೋಬರಿನ ಮಳೆ ಬೇರೆ ಹಿಡಿದಿತ್ತು. ಮಧ್ಯಾಹ್ನ ಬಿಸಿಲು ಬಂದಾಗ ಎಲೆ ಇಳಿಬಿದ್ದದ್ದು ಕಂಡು, ಮಳೆ ನಿಂತ ಮಾರನೆಯ ದಿನದಿಂದಲೇ ನೀರು ಹಾಕತೊಡಗಿದೆ. ವಾರದೊಳಗೆ ಬುಡದ ಎಲೆ ಹಳದಿಯಾಯಿತು. ಒಂದನ್ನು ಕಿತ್ತೆ. ಬಿಳಿಯಾಗಿ ಗರಿಗರಿಯಾಗಿರಬೇಕಾದ ಬೇರು ಕಂದು ಬಣ್ಣಕ್ಕೆ ತಿರುಗಿತ್ತು. ಎರಡು ಬೆರಳ ನಡುವೆ ಹಿಡಿದು ಎಳೆದರೆ ಹೊರಗಿನ ಸಿಪ್ಪೆ ನೆನೆದ ಕಡಲೆಯ ಸಿಪ್ಪೆಯಂತೆ ಕಳಚಿ ಬಂತು, ಒಳಗಿನ ದಾರದಂಥ ನಾರು ಮಾತ್ರ ಉಳಿಯಿತು. ಕೆಸರಿನ ವಾಸನೆ. ಇದು ಪಿಥಿಯಂ ಎಂಬ ಸೂಕ್ಷ್ಮಜೀವಿ ತರುವ ಬೇರುಕೊಳೆಯ ಗುರುತು ಅಂತ ಆಮೇಲೆ ತಿಳಿದುಕೊಂಡೆ. ನಿಂತ ನೀರು ಅದಕ್ಕೆ ಹೇಳಿ ಮಾಡಿಸಿದ ಮನೆ. ಹದಿನೆಂಟರಲ್ಲಿ ಉಳಿದದ್ದು ಮೂರು. ಆ ಮೂರೂ ಇದ್ದದ್ದು ಮಡಿಯ ಏರುತುದಿಯಲ್ಲಿ, ನೀರು ಇಳಿದುಹೋಗುವ ಕಡೆ.

ಆಗ ನನಗೆ ನೆನಪಾದದ್ದು ನಮ್ಮ ತಾತ. ನಾಗಮಂಗಲದ ಕಡೆಯ ಒಂದು ಹಳ್ಳಿಯಲ್ಲಿ ಅವರು ಕೆರೆಯ ನೀರುಗಂಟಿ. ತೂಬು ಎತ್ತುವುದು, ಯಾವ ಗದ್ದೆಗೆ ಯಾವಾಗ ನೀರು ತಿರುಗಿಸಬೇಕು, ಎಲ್ಲಿ ಕಟ್ಟಬೇಕು, ಎಲ್ಲ ಅವರ ಕೆಲಸ. ರಜೆಗೆ ಹೋದಾಗ ಅವರ ಹಿಂದೆ ಬದುವಿನ ಮೇಲೆ ನಡೆಯುತ್ತಿದ್ದೆ. ರಾಗಿ ಹೊಲವೋ ತರಕಾರಿ ಪಾತಿಯೋ ಆದರೆ ಬಗ್ಗಿ ಒಂದು ಹಿಡಿ ಮಣ್ಣು ಕೆದಕಿ ತೆಗೆದು ಅಂಗೈಯಲ್ಲಿ ಒತ್ತುತ್ತಿದ್ದರು. “ಕುಡ್ದದೋ ಇಲ್ವೋ ಮೊದ್ಲು ನೋಡವ್ವ” ಅನ್ನೋರು. ಮಣ್ಣು ಮುದ್ದೆ ಕಟ್ಟಬೇಕು, ಕಟ್ಟಿದ ಮುದ್ದೆ ಹೆಬ್ಬೆರಳಿನಿಂದ ಒತ್ತಿದರೆ ಒಡೆಯಬೇಕು, ಕೈಗೆ ಮೆತ್ತಬಾರದು. ಅದು ಹದ. ಮುದ್ದೆಯೇ ಕಟ್ಟದೆ ಉದುರಿದರೆ ನೀರು ಬೇಕು. ಒತ್ತಿದಾಗ ಬೆರಳ ಸಂದಿನಿಂದ ನೀರು ಜಿನುಗಿದರೆ ಆ ಕಡೆ ನಾಲ್ಕು ದಿನ ತಲೆ ಹಾಕಬಾರದು.

ದಿನ ಬಿಟ್ಟು ದಿನ, ವಾರಕ್ಕೆ ಮೂರು ಸಲ ಅಂತ ಯಾರೇ ಹೇಳಿದರೂ ಅದನ್ನು ಅಂದಾಜು ಅಂತ ಮಾತ್ರ ಇಟ್ಟುಕೊಳ್ಳಿ. ಮೈಸೂರಿನ ಕೆಮ್ಮಣ್ಣಿಗೂ ಮಂಡ್ಯದ ನಾಲೆ ಬಯಲಿನ ಜಿಗುಟು ಮಣ್ಣಿಗೂ ಒಂದೇ ಲೆಕ್ಕ ಹೇಗೆ ಹಾಕುವುದು? ನನ್ನ ತಂಗಿ ಮಂಡ್ಯದಲ್ಲಿದ್ದಾಳೆ. ನಾನು ಮೂರು ದಿನಕ್ಕೊಮ್ಮೆ ನೀರು ಕೊಡುವ ಹೊತ್ತಿನಲ್ಲಿ ಅವಳ ಮಡಿ ವಾರವಾದರೂ ತೇವ ಹಿಡಿದಿರುತ್ತದೆ. ಇಬ್ಬರೂ ಬೆರಳು ಹಾಕಿ ನೋಡಿಯೇ ನೀರು ಹಾಕುತ್ತೇವೆ. ಮೇಲಿನ ಒಂದು ಇಂಚು, ಅಂದರೆ ಬೆರಳಿನ ಮೊದಲ ಗೆಣ್ಣು ಮುಳುಗುವಷ್ಟು, ಒಣಗಿರಬೇಕು. ಅದರ ಕೆಳಗೆ ತಂಪಿರಬೇಕು. ಸ್ನ್ಯಾಪ್‌ಡ್ರ್ಯಾಗನ್‌ಗೆ ನೀರು ಹಾಕುವ ಹೊತ್ತು ಅದು.

ಈ ಗಿಡದ ತವರು ತಿಳಿದರೆ ಅದರ ಸ್ವಭಾವವೂ ತಿಳಿಯುತ್ತದೆ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಲ್ಲಿ, ಬಂಡೆಯ ಬಿರುಕಿನಲ್ಲಿ, ಹಳೇ ಗೋಡೆಗಳ ಸಂದಿನಲ್ಲಿ ತಾನಾಗಿ ಬೆಳೆಯುವ ಗಿಡ ಇದು. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಗೋಡೆಯ ಸಂದಿನಲ್ಲಿ ನೀರು ನಿಲ್ಲುವುದಿಲ್ಲ, ಹಾಗಂತ ಒಳಗಿನ ತಂಪೂ ಆರುವುದಿಲ್ಲ. ನಮ್ಮಲ್ಲಿ ಅಕ್ಟೋಬರಿನಿಂದ ಫೆಬ್ರವರಿವರೆಗಿನ ಹವೆ ಅದಕ್ಕೆ ಒಗ್ಗುತ್ತದೆ. ಆದ್ದರಿಂದಲೇ ದಸರಾ ಹೊತ್ತಿಗೆ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿ ಬಂದು ಆಸೆ ಹುಟ್ಟಿದವರು ಸಸಿ ನೆಟ್ಟರೆ, ಸಂಕ್ರಾಂತಿ ಹೊತ್ತಿಗೆ ಮನೆಯಲ್ಲೇ ಹೂವು ನೋಡಬಹುದು. ಒಂದೇ ತೊಡಕು ಅಕ್ಟೋಬರ್ ಮಳೆ. ನಮ್ಮ ಮೈಸೂರಿನಲ್ಲಿ ಜೋರು ಮಳೆ ಸುರಿಯುವ ತಿಂಗಳುಗಳಲ್ಲಿ ಅದೂ ಒಂದು. ಎಳೆ ಸಸಿ ಮಣ್ಣಿಗಿಳಿಯುವುದೂ ಆಗಲೇ. ಹಾಗಾಗಿ ಏರುಮಡಿ ಮಾಡಿ, ಒಂದು ಗೇಣು ಎತ್ತರವಾದರೂ ಇರಲಿ. ನೀರು ಹಾಕುವುದನ್ನು ಕಲಿಯುವ ಮೊದಲು ನೀರು ಹೋಗುವ ದಾರಿ ಮಾಡಬೇಕು.

ಕುಂಡದ ವಿಷಯದಲ್ಲಿ ಆ ದಾರಿ ಹೇಗಿರುತ್ತದೆ ಅಂತ ತೋರಿಸಲು ಪಾತ್ರೆ ತೊಳೆಯುವ ಸ್ಪಂಜು ತಂದಿದ್ದೇನೆ, ಹೊಸದು. ನೀರಲ್ಲಿ ಪೂರಾ ಅದ್ದಿ ಹೀಗೆ ಅಡ್ಡಡ್ಡ ಮಲಗಿಸಿ ಹಿಡಿಯುತ್ತೇನೆ. ತೊಟ್ಟಿಕ್ಕುತ್ತಿದೆ, ತೊಟ್ಟಿಕ್ಕುತ್ತಿದೆ, ನಿಂತಿತು. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸುತ್ತೇನೆ. ನೋಡಿ, ಮತ್ತೆ ನೀರು ಸುರಿಯಿತು! ಹಿಂಡಲಿಲ್ಲ, ಅಲುಗಾಡಿಸಲಿಲ್ಲ. ಎತ್ತರ ಹೆಚ್ಚಾದದ್ದಕ್ಕೆ ಅಷ್ಟು ನೀರು ಇಳಿಯಿತು. ಕುಂಡದ ಮಣ್ಣೂ ಹೀಗೇ. ತೂತಿನಿಂದ ನೀರು ಹೋಗುವುದು ನಿಂತ ಮೇಲೂ ತಳದಲ್ಲಿ ಒಂದು ಪದರ ಪೂರಾ ನೆನೆದೇ ಇರುತ್ತದೆ. ಕುಂಡ ಚಪ್ಪಟೆಯಾಗಿದ್ದಷ್ಟೂ ಬೇರಿಗೆ ಸಿಗುವ ಗಾಳಿಯ ಜಾಗ ಕಡಿಮೆ. ತಳಕ್ಕೆ ಎರಡು ಇಂಚು ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅಂತ ನಾವೆಲ್ಲ ನಂಬಿದ್ದೇವೆ. ಬಸಿಯುವುದಿಲ್ಲ. ಆ ನೆನೆದ ಪದರ ಜಲ್ಲಿಯ ಮೇಲೆ ಬಂದು ಕೂರುತ್ತದೆ, ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಮಣ್ಣು ಕೊಚ್ಚಿಹೋಗದಂತೆ ತೂತಿನ ಮೇಲೆ ಒಂದು ಹೆಂಚಿನ ಚೂರು ಬೋರಲು ಇಟ್ಟರೆ ಸಾಕು, ಮಿಕ್ಕ ಜಾಗಕ್ಕೆಲ್ಲ ಮಣ್ಣು ತುಂಬಿ. ತಾರಸಿ ಕೊಳೆಯಾಗದಿರಲಿ ಅಂತ ಕೆಳಗೆ ಇಡುವ ತಟ್ಟೆಯಲ್ಲಿ ನಿಂತ ನೀರನ್ನು ಅರ್ಧ ಗಂಟೆಯೊಳಗೆ ಚೆಲ್ಲಿಬಿಡಿ.

“ಹಾಗಾದ್ರೆ ಎಷ್ಟು ನೀರು ಹಾಕ್ಬೇಕು ಮೇಡಂ, ಒಂದು ಅಳತೆ ಹೇಳಿ” ಅಂತ ಹಿಂದಿನ ಸಾಲಿನ ಅಣ್ಣ ಕೇಳುತ್ತಿದ್ದಾರೆ. ಹೇಳುತ್ತೇನೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿತ್ತು ಅಂದರೆ ಸರಿಯಾಗಿ ಒಂದು ಲೀಟರ್ ನೀರು. ಮಡಿಯಲ್ಲಿರುವ ಸ್ನ್ಯಾಪ್‌ಡ್ರ್ಯಾಗನ್‌ಗೆ ಮಳೆಯಿಲ್ಲದ ವಾರದಲ್ಲಿ ಸುಮಾರು 25 ಮಿಲಿಮೀಟರ್ ಬೇಕು. ಅಂದರೆ ಚದರ ಮೀಟರಿಗೆ 25 ಲೀಟರ್, 10 ಲೀಟರಿನ ರೋಸ್ ಕ್ಯಾನಿನಲ್ಲಿ, ಅಂದರೆ ಜರಡಿಯಂಥ ಬಾಯಿಯ ನೀರಿನ ಕ್ಯಾನಿನಲ್ಲಿ, ಎರಡೂವರೆ ಕ್ಯಾನ್. ಎರಡು ಸಲಕ್ಕೆ ಹಂಚಿ ಕೊಡಿ. ಮನೆಗೆ ಹೋದ ಮೇಲೆ ನಿಮ್ಮ ಪೈಪಿನಿಂದ ಒಂದು ಬಕೆಟ್ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಗಡಿಯಾರ ನೋಡಿ. ನಮ್ಮ ಮನೆಯಲ್ಲಿ 15 ಲೀಟರಿಗೆ ಒಂದು ನಿಮಿಷ. ಅಂದ ಮೇಲೆ ನಾನು ಪೈಪು ಹಿಡಿದು ಒಂದು ಮಡಿಯ ಮೇಲೆ ಹತ್ತು ಸೆಕೆಂಡು ಆಡಿಸಿದರೆ ಬಿದ್ದದ್ದು ಎರಡೂವರೆ ಲೀಟರ್. ಮೇಲ್ಮೈ ಕಪ್ಪಗೆ ಒದ್ದೆಯಾಗಿ ಕಾಣುತ್ತದೆ, ಮನಸ್ಸಿಗೆ ಸಮಾಧಾನವಾಗುತ್ತದೆ. ಒಂದು ಗಂಟೆ ಬಿಟ್ಟು ಹಳೇ ಚಮಚದಲ್ಲಿ ಕೆದಕಿದರೆ ಎರಡು ಬೆರಳಿನ ಕೆಳಗೆ ಮಣ್ಣು ಹಾಗೇ ಒಣಗಿರುತ್ತದೆ. ದಿನವೂ ಹೀಗೆ ಚಿಮುಕಿಸಿದ ಗಿಡದ ಬೇರು ಮೇಲೆ ಮೇಲೆಯೇ ಹರಡುತ್ತದೆ, ಒಂದು ದಿನ ತಪ್ಪಿದರೆ ಸೊರಗುತ್ತದೆ. ಕಡಿಮೆ ಸಲ, ಆಳಕ್ಕೆ ಇಳಿಯುವಷ್ಟು. ಕುಂಡಕ್ಕಾದರೆ ತಳದ ತೂತಿನಿಂದ ನೀರು ಹೊರಬರುವವರೆಗೆ ಹಾಕಿ. ಗೊಬ್ಬರದಿಂದ, ನೀರಿನಿಂದ ಸೇರಿದ ಉಪ್ಪಿನಂಶವೂ ಅದರ ಜೊತೆ ತೊಳೆದು ಹೋಗುತ್ತದೆ.

ಕೋಕೋಪೀಟ್ ಬಗ್ಗೆ ಒಂದು ಮಾತು. ಈಗ ನರ್ಸರಿಯಿಂದ ಬರುವ ಎಷ್ಟೋ ಸಸಿಗಳು ತೆಂಗಿನ ನಾರಿನ ಪುಡಿಯಲ್ಲೇ ಬೆಳೆದಿರುತ್ತವೆ. ಅದರ ಮೇಲ್ಮೈ ಬೇಗ ಒಣಗಿ ತಿಳಿಕಂದು ಆಗುತ್ತದೆ, ಒಳಗೆ ಒದ್ದೆ ಇರುತ್ತದೆ. ಕಣ್ಣಿಗೆ ಕಂಡದ್ದನ್ನು ನಂಬಬೇಡಿ, ಕುಂಡ ಎತ್ತಿ ತೂಕ ನೋಡಿ. ಪೂರಾ ಒಣಗಿಹೋಗಿದ್ದರೆ ಮೇಲಿಂದ ಹಾಕಿದ ನೀರು ಪಕ್ಕದ ಸಂದಿನಿಂದ ಜಾರಿ ಕೆಳಗಿಳಿದುಬಿಡುತ್ತದೆ, ಒಳಗೆ ಒಂದು ಹನಿಯೂ ಹೋಗಿರುವುದಿಲ್ಲ. ಅಂಥ ಕುಂಡವನ್ನು ಒಂದು ಟಬ್ಬಿನ ನೀರಿನಲ್ಲಿ ಅರ್ಧ ಗಂಟೆ ಕೂರಿಸಿ ತೆಗೆಯಿರಿ.

ಇನ್ನು ನೀರು ಬೀಳಬೇಕಾದ ಜಾಗ. ಗಿಡದ ತಲೆಯ ಮೇಲೆ ಸ್ನಾನ ಮಾಡಿಸಿದ ಹಾಗೆ ನೀರು ಹುಯ್ಯುವುದನ್ನು ಸ್ನ್ಯಾಪ್‌ಡ್ರ್ಯಾಗನ್ ವಿಷಯದಲ್ಲಂತೂ ಇವತ್ತೇ ಬಿಟ್ಟುಬಿಡಿ. ಅದಕ್ಕೆ ತುಕ್ಕು ರೋಗ ಬರುತ್ತದೆ. ಎಲೆಯ ಮೇಲ್ಭಾಗದಲ್ಲಿ ಸಣ್ಣ ಹಳದಿ ಚುಕ್ಕೆ, ತಿರುಗಿಸಿ ನೋಡಿದರೆ ಕೆಳಗೆ ಕಾಫಿ ಪುಡಿ ಅಂಟಿಸಿದಂಥ ಗುಳ್ಳೆಗಳು, ಕೆಲವು ಕಡೆ ಬಳೆಯಂತೆ ಸುತ್ತಾಗಿ. ಬೆರಳಲ್ಲಿ ಸವರಿದರೆ ಕಂದು ಪುಡಿ ಹತ್ತುತ್ತದೆ. ಆ ಪುಡಿಯ ಒಂದೊಂದು ಕಣವೂ ಶಿಲೀಂಧ್ರದ ಬೀಜದ ಹಾಗೆ. ಅದು ಎಲೆಯ ಮೇಲೆ ಬಿದ್ದ ಮಾತ್ರಕ್ಕೆ ಮೊಳೆಯುವುದಿಲ್ಲ. ಎಲೆ ತಂಪು ಹವೆಯಲ್ಲಿ ಕೆಲವು ಗಂಟೆಗಳ ಕಾಲ ಬಿಡದೆ ಒದ್ದೆಯಾಗಿರಬೇಕು. ಡಿಸೆಂಬರ್–ಜನವರಿಯಲ್ಲಿ ಸಂಜೆ ಆರಕ್ಕೆ ನಾವು ಎಲೆ ತೋಯಿಸಿದರೆ ಅದು ಇಡೀ ರಾತ್ರಿ ಆರುವುದಿಲ್ಲ, ಬೆಳಗಿನ ಜಾವದ ಇಬ್ಬನಿಯೂ ಸೇರುತ್ತದೆ. ರೋಗಕ್ಕೆ ಬೇಕಾದ ಹೊತ್ತನ್ನೆಲ್ಲ ನಾವೇ ಕೊಟ್ಟಂತೆ. ಬೆಳಿಗ್ಗೆ ಬಿಸಿಲು ಏರುವ ಮುಂಚೆ, ಏಳು ಗಂಟೆ ಹೊತ್ತಿಗೆ, ಪೈಪಿನ ಬಾಯನ್ನು ಬುಡದ ಹತ್ತಿರ ನೆಲಕ್ಕೆ ತಾಗಿಸಿ, ನೀರು ಎರಚದಂತೆ ಹರಿಯಬಿಡಿ. ಅಪ್ಪಿತಪ್ಪಿ ಎಲೆಗೆ ಬಿದ್ದ ಹನಿ ಒಂಬತ್ತಕ್ಕೆಲ್ಲ ಆರಿರುತ್ತದೆ. ಕೆಲಸಕ್ಕೆ ಹೋಗುವವರಿಗೆ ಸಂಜೆಯೇ ಗತಿ ಅಂದರೆ ಸಂಜೆಯೇ ಹಾಕಿ, ಮಣ್ಣಿಗೆ ಮಾತ್ರ. ಗಿಡದಿಂದ ಗಿಡಕ್ಕೆ ಒಂದು ಗೇಣಿಗಿಂತ ಹೆಚ್ಚು ಜಾಗ ಬಿಟ್ಟರೆ ನಡುವೆ ಗಾಳಿಯಾಡುತ್ತದೆ. ತುಕ್ಕು ಕಂಡ ಎಲೆಗಳನ್ನು ಕಿತ್ತು ಕವರಿಗೆ ಹಾಕಿ ಕಸಕ್ಕೆ ಕೊಡಿ, ಗೊಬ್ಬರದ ಗುಂಡಿಗೆ ಬೇಡ. ಹೂಗೊಂಚಲಿಗೂ ಇದೇ ಮಾತು: ಒದ್ದೆಯಾಗಿ ಉಳಿದ ದಳದ ಮೇಲೆ ಬೂದು ಬೂಷ್ಟು ಹತ್ತುತ್ತದೆ, ತೇವದ ಭಾರಕ್ಕೆ ಕಡ್ಡಿಯೂ ಬಾಗುತ್ತದೆ.

ಮಧ್ಯಾಹ್ನ ನೀರು ಹಾಕಿದರೆ ಹನಿ ಭೂತಗನ್ನಡಿಯಂತಾಗಿ ಎಲೆ ಸುಡುತ್ತದೆ ಅನ್ನುತ್ತಾರೆ. ಇಂಥ ನುಣುಪಾದ ಎಲೆಗೆ ಹಾಗೆ ಆಗುವುದಿಲ್ಲ. ಸುಡುವುದು ಬೇರೆಯೇ: ತಾರಸಿಯ ಮೇಲೆ ಬಿಸಿಲಿಗೆ ಬಿದ್ದಿರುವ ಪೈಪಿನೊಳಗಿನ ನೀರು. ಅದನ್ನು ಮೊದಲು ಒಂದು ಬಕೆಟ್ಟಿಗೆ ಬಿಡಿ, ಕೈಯೊಡ್ಡಿ ನೋಡಿ, ತಣ್ಣಗಾದ ಮೇಲೆ ಗಿಡಕ್ಕೆ ಹಿಡಿಯಿರಿ. ನಡುಹಗಲು ಎಲೆ ಸ್ವಲ್ಪ ಜೋತರೆ ಗಾಬರಿ ಬೀಳಬೇಡಿ. ಕರ್ಣಕುಂಡಲ, ಡೇಲಿಯಾ ಎಲ್ಲ ಬಿಸಿಲು ಹೆಚ್ಚಾದಾಗ ಹಾಗೇ ಮಾಡುತ್ತವೆ, ಬೇರು ಕಳಿಸುವುದಕ್ಕಿಂತ ಹೆಚ್ಚು ನೀರು ಎಲೆಯಿಂದ ಆವಿಯಾಗುತ್ತಿರುತ್ತದೆ. ಸಂಜೆಗೆ ನೆಟ್ಟಗಾದರೆ ಸರಿ. ಬೆಳಿಗ್ಗೆಯೂ ಜೋತೇ ಇದ್ದರೆ ಮಣ್ಣಿಗೆ ಬೆರಳು ಹಾಕಿ.

ಎಲ್ಲ ಹೂಗಿಡಕ್ಕೂ ಒಂದೇ ರೀತಿ ಅಲ್ಲ. ನಮ್ಮ ಮಲ್ಲಿಗೆಯನ್ನೇ ನೋಡಿ. ಬೆಳೆಯುವವರು ಚಳಿಗಾಲದಲ್ಲಿ ಅದಕ್ಕೆ ನೀರು ನಿಲ್ಲಿಸುತ್ತಾರೆ. ಗಿಡ ವಿಶ್ರಾಂತಿಗೆ ಹೋದ ಮೇಲೆ ಸವರಿ, ಗೊಬ್ಬರ ಕೊಟ್ಟು, ಮತ್ತೆ ನೀರು ಹಿಡಿಸುತ್ತಾರೆ. ಆಗ ಬರುವ ಹೊಸ ಚಿಗುರಿನಲ್ಲೇ ಬೇಸಿಗೆಯ ಮೊಗ್ಗು. ವರ್ಷವಿಡೀ ಒಂದೇ ಸಮ ನೀರು ಕುಡಿದ ಮಲ್ಲಿಗೆ ಹಸಿರಾಗಿ ಹಬ್ಬುತ್ತದೆ, ಮುಡಿಯಲು ಹೂ ಸಿಗುವುದಿಲ್ಲ. ಕಾಗದದ ಹೂವಿನದೂ ಅದೇ ಗುಣ, ಎಲೆ ಸ್ವಲ್ಪ ಸಡಿಲವಾಗುವವರೆಗೆ ನೀರಿಗಾಗಿ ಕಾಯಿಸಿದರೆ ಮೈತುಂಬ ಹೂ. ದಾಸವಾಳಕ್ಕೆ ಈ ಕಾಯಿಸುವಿಕೆ ಆಗದು. ಒಂದು ವಾರ ಒಣಗಿಸಿ ಒಂದು ವಾರ ಮುಳುಗಿಸಿದರೆ ಮೊಗ್ಗೆಲ್ಲ ಉದುರಿಸುತ್ತದೆ. ಗುಲಾಬಿಗೆ ಆಳವಾಗಿ ನೀರು, ಎಲೆ ಒಣಗಿರಬೇಕು, ಇಲ್ಲವಾದರೆ ಕಪ್ಪು ಚುಕ್ಕೆ. ಸೇವಂತಿಗೆಗೆ ಸ್ನ್ಯಾಪ್‌ಡ್ರ್ಯಾಗನ್ ಲೆಕ್ಕವೇ ಸಾಕು.

ನೀರು ಯಾವುದು ಅನ್ನುವುದೂ ಮುಖ್ಯ. ನಮ್ಮ ನಲ್ಲಿಗೆ ಬರುವುದು ಹೊಂಗಳ್ಳಿ, ಬೆಳಗೊಳ, ಮೇಳಾಪುರದಿಂದ ಎತ್ತಿ ಶುದ್ಧ ಮಾಡಿದ ಕಾವೇರಿ, ಜೊತೆಗೆ ಕಬಿನಿ. ಗಿಡಕ್ಕೆ ಅದು ಒಗ್ಗುತ್ತದೆ. ಬೋರ್‌ವೆಲ್ ನೀರು ಹಲವು ಕಡೆ ಗಡಸು; ಕುಂಡದ ಹೊರಮೈಯಲ್ಲಿ ಸುಣ್ಣದಂಥ ಬಿಳಿ ಪಟ್ಟೆ ಕಂಡರೆ ತಿಳಿಯಿರಿ. ವರ್ಷಗಟ್ಟಲೆ ಅದನ್ನೇ ಹಾಕಿದರೆ ಮಣ್ಣು ಕ್ಷಾರವಾಗಿ, ಕಬ್ಬಿಣದ ಅಂಶ ಗಿಡಕ್ಕೆ ದಕ್ಕದೆ, ಎಳೆಯ ಎಲೆ ನರ ಮಾತ್ರ ಹಸಿರಾಗಿ ಮಿಕ್ಕದ್ದು ಹಳದಿಯಾಗುತ್ತದೆ. ನಡುವೆ ಮಳೆನೀರು ಹಿಡಿದಿಟ್ಟು ಕೊಡಿ. ಆರ್‌ಓ ಯಂತ್ರದಿಂದ ಹೊರಹೋಗುವ ನೀರನ್ನು ಕುಂಡಕ್ಕೆ ಹಾಕಬೇಡಿ, ಅದರಲ್ಲಿ ಉಪ್ಪಿನಂಶ ಒಟ್ಟಾಗಿರುತ್ತದೆ. ನೆಲ ಒರೆಸಲು ಬಳಸಿ. ಸಾಫ್ಟ್‌ನರ್‌ನಲ್ಲಿ ಉಪ್ಪು ಹಾಕಿ ಮೆದು ಮಾಡಿದ ನೀರೂ ಬೇಡ, ಅದರ ಸೋಡಿಯಂ ಮಣ್ಣನ್ನು ಬಿಗಿ ಮಾಡುತ್ತದೆ. ಸೊಪ್ಪು ತೊಳೆದ ನೀರು, ಅಕ್ಕಚ್ಚು ನಿಶ್ಚಿಂತೆಯಾಗಿ ಹಾಕಬಹುದು. 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ಕಟ್ಟೆ ತುಂಬದೇ ಹೋದ ಮೇಲೆ ಬಂದ ಬೇಸಿಗೆಯಲ್ಲಿ ನಮ್ಮ ಮನೆಯ ಹೂಗಿಡ ಉಳಿದದ್ದು ಅಡುಗೆಮನೆಯ ಆ ನೀರಿನಿಂದ, ಮತ್ತೆ ಬುಡಕ್ಕೆ ಹೊದಿಸಿದ ತರಗಿನಿಂದ. ತಂಗಿ ಮಂಡ್ಯದಿಂದ ಎರಡು ಚೀಲ ಕಬ್ಬಿನ ತರಗು ಕಳಿಸಿದ್ದಳು. ಮೂರು ಬೆರಳು ದಪ್ಪ ಹೊದಿಸಿ, ಕಾಂಡಕ್ಕೆ ತಾಗದಂತೆ ಸುತ್ತ ಸ್ವಲ್ಪ ಜಾಗ ಬಿಟ್ಟಿದ್ದೆ. ಎರಡು ದಿನಕ್ಕೆ ಒಣಗುತ್ತಿದ್ದ ಮಣ್ಣು ನಾಲ್ಕು ದಿನ ತಂಪು ಹಿಡಿಯಿತು. ಆ ವರ್ಷ ಊರಿನವರು ಕುಡಿಯಲು ಟ್ಯಾಂಕರ್ ಕಾಯುವಾಗ ಪೈಪು ಹಿಡಿದು ನಿಲ್ಲಲು ನನಗೆ ಮನಸ್ಸು ಬರಲಿಲ್ಲ.

“ಹತ್ತು ದಿನ ಊರಿಗೆ ಹೋಗ್ಬೇಕಾದ್ರೆ ಏನ್ಮಾಡೋದು ಟೀಚರ್?” ಕುಂಡಗಳನ್ನೆಲ್ಲ ನೆರಳಿಗೆ ಸರಿಸಿ, ಒಂದಕ್ಕೊಂದು ಒತ್ತಾಗಿ ಇಡಿ. ಹಳೇ ಹತ್ತಿ ಸೀರೆಯನ್ನು ಹರಿದು ಬೆರಳು ದಪ್ಪದ ಬತ್ತಿ ಹೊಸೆದು, ನೆನೆಸಿ, ಒಂದು ತುದಿ ಎತ್ತರದಲ್ಲಿಟ್ಟ ಬಕೆಟ್ ನೀರಿಗೆ, ಇನ್ನೊಂದು ತುದಿ ಕುಂಡದ ಮಣ್ಣಿಗೆ ಎರಡಿಂಚು ಹೂತುಬಿಡಿ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಅದು ನೀರು ಎಳೆಯುತ್ತದೆ. ಹೊರಡುವ ಎರಡು ದಿನ ಮೊದಲೇ ಕಟ್ಟಿ, ಎಷ್ಟು ಎಳೆಯುತ್ತದೆ ಅಂತ ನೋಡಿಕೊಳ್ಳಿ.

ಬಲಗಡೆಯ ಕುಂಡವನ್ನು ಈಗ ಬೋರಲು ಹಾಕಿ ಬಿಡಿಸುತ್ತೇನೆ. ಹತ್ತಿರ ಬನ್ನಿ. ತಳದ ಬೇರು ಹೋಗಿದೆ, ಕಂದು. ಮೇಲಿನ ಅರ್ಧ ಇನ್ನೂ ಬಿಳಿಯಿದೆ, ಗಟ್ಟಿಯಿದೆ. ಕೊಳೆತದ್ದನ್ನು ಕತ್ತರಿಸಿ, ಒಂದು ಪಾಲು ಮರಳು ಹೆಚ್ಚಿಗೆ ಬೆರೆಸಿದ ಹೊಸ ಮಣ್ಣಿನಲ್ಲಿ ನೆಟ್ಟು, ಹೂಗೊಂಚಲು ತೆಗೆದು ನೆರಳಲ್ಲಿಡುತ್ತೇನೆ. ಸ್ವಲ್ಪವೇ ನೀರು, ಆಮೇಲೆ ಮೇಲ್ಮಣ್ಣು ಒಣಗುವವರೆಗೆ ಕಾಯುವುದು. ಎಡಗಡೆಯದನ್ನೂ ನೋಡಿ, ಮೇಲಿನ ನಾಲ್ಕು ಜೊತೆ ಎಲೆ ಆಗಲೇ ನೆಟ್ಟಗಾಗಿವೆ.

ಹೋಗುವಾಗ ಬಾಗಿಲ ಹತ್ತಿರ ಇಟ್ಟಿರುವ ಪೊಟ್ಟಣ ಒಂದೊಂದು ತೆಗೆದುಕೊಳ್ಳಿ. ಹೋದ ಮಾರ್ಚಿನಲ್ಲಿ ಬಿಸಿಲಿಗೆ ಗಿಡ ಸೋತಾಗ ನೀರು ನಿಲ್ಲಿಸಿ, ಕಾಯಿ ಒಣಗಲು ಬಿಟ್ಟು, ಕಾಗದದ ಮೇಲೆ ಕೊಡವಿ ಇಟ್ಟ ಬೀಜ. ಒಣಗಿದ ಕಾಯಿಗೆ ಎರಡು ಕಣ್ಣು, ಒಂದು ಬಾಯಿಯಂತೆ ಮೂರು ತೂತು, ಥೇಟ್ ಪುಟ್ಟ ತಲೆಬುರುಡೆ. ಬೀಜ ಸಾಸಿವೆಗಿಂತ ಎಷ್ಟೋ ಸಣ್ಣದು, ಒಂದು ಗ್ರಾಮಿಗೆ ಆರು ಸಾವಿರಕ್ಕೂ ಮೇಲೆ. ಆಗಸ್ಟ್ ಕೊನೆಗೆ ತಟ್ಟೆಯಲ್ಲಿ ಬಿತ್ತಿ, ಮೇಲೆ ಮಣ್ಣು ಮುಚ್ಚಬೇಡಿ, ಮೊಳೆಯಲು ಅದಕ್ಕೆ ಬೆಳಕು ಬೇಕು. ಮೇಲಿಂದ ನೀರು ಹುಯ್ದರೆ ಬೀಜವೆಲ್ಲ ಒಂದು ಮೂಲೆಗೆ ಕೊಚ್ಚಿಹೋಗುತ್ತದೆ. ತಟ್ಟೆಯನ್ನೇ ಒಂದು ಬೋಗುಣಿ ನೀರಿನಲ್ಲಿ ಕೂರಿಸಿ, ಮೇಲ್ಮಣ್ಣು ಒದ್ದೆಯಾಗಿ ಬಣ್ಣ ತಿರುಗಿದ ಕೂಡಲೇ ಎತ್ತಿಬಿಡಿ.